ಜರಿ ದಾರದ ಟೊಪ್ಪಿಗೆಗಳನ್ನು ಬಿಚ್ಚಿದ ಮಧ್ಯಾಹ್ನ

ಗಂಗಾವತಿಯಲ್ಲಿ ನನ್ನದೊಂದು ಹೆಣಿಗೆ ಸಾಮಾನಿನ ಅಂಗಡಿ. ಉಣ್ಣೆ ದಾರ, ಹತ್ತಿ ದಾರ, ಹೆಣಿಗೆ ಕಡ್ಡಿ, ಕ್ರೋಶಾ ಸೂಜಿ, ಗುಂಡಿ, ಲೇಸು. ಭತ್ತದ ಲಾರಿಗಳು ಸಾಲುಗಟ್ಟಿ ನಿಲ್ಲುವ ಊರಿನಲ್ಲಿ, ಬೇಸಿಗೆಯ ಡಾಂಬರು ಚಪ್ಪಲಿಗೆ ಅಂಟುವಾಗ ಉಣ್ಣೆ ಮಾರುತ್ತೇನೆ ಎಂದರೆ ಹೊರಗಿನವರು ನಗುತ್ತಾರೆ. ಇಲ್ಲಿ ಸ್ವೆಟರ್ ಹೆಣೆಯುವವರು ಕಮ್ಮಿ ಎನ್ನುವುದೂ ನಿಜ. ನಮ್ಮ ಕಡೆ ಉಣ್ಣೆ ಹೋಗುವುದು ಬಾಗಿಲ ತೋರಣಕ್ಕೆ, ಟಿ.ವಿ. ಮೇಲಿನ ಹೊದಿಕೆಗೆ, ಎತ್ತಿನ ಕೊಂಬಿನ ಗೊಂಡೆಗೆ. ಹಾಗಾಗಿ ಒಂದು ಬೆಳಿಗ್ಗೆ ನರ್ಸ್ ಒಬ್ಬರು ಬಂದು ಕೌಂಟರಿನ ಮೇಲೆ ಕೈಯೂರಿ, "ಕೂಸಿನ ಟೊಪ್ಪಿಗಿ ಹೆಣಿಯೋರು ಯಾರರ ಅದಾರೇನ್ರಿ?" ಎಂದು ಕೇಳಿದಾಗ ನನಗೆ ಸೋಜಿಗವಾಯಿತು.

"ಎಷ್ಟು ದೊಡ್ಡ ಕೂಸ್ರಿ?"

ಅವರು ಮುಷ್ಟಿ ಹಿಡಿದು ತೋರಿಸಿದರು. ಆಮೇಲೆ ಇನ್ನೊಂದು ಕೈಯನ್ನು ಅದರ ಮೇಲೆ ಬೊಗಸೆಯಂತೆ ಮುಚ್ಚಿ ಸ್ವಲ್ಪ ಹಿಗ್ಗಿಸಿದರು. "ಇಷ್ಟ ತಲಿ. ದಿನ ತುಂಬೂಕ್ಕಿಂತ ಮೊದಲ ಹುಟ್ಟಿದವು."

ಅವರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡು ನೋಡಿಕೊಳ್ಳುತ್ತಿದ್ದವರು. ಅಂಥ ಕೂಸುಗಳ ಮೈಶಾಖ ತಲೆಯಿಂದಲೇ ಹೆಚ್ಚು ಹೊರಟುಹೋಗುತ್ತದಂತೆ. ಹೊರಗೆ ಎಂಥ ಬಿಸಿಲಿದ್ದರೂ ಅವಕ್ಕೆ ಟೊಪ್ಪಿಗೆ ಬೇಕು. ಪೇಟೆಯಲ್ಲಿ ಸಿಗುವವು ಕಣ್ಣಿನ ಮೇಲೆ ಜಾರುತ್ತವೆ. ಮನೆಯಿಂದ ತರುವ ಬಟ್ಟೆಯ ಕುಲಾವಿ ಹಿಗ್ಗುವುದಿಲ್ಲ, ಹೊಲಿಗೆ ಒತ್ತಿ ಬರೆ ಬೀಳುತ್ತದೆ. "ಹಿಗ್ಗಬೇಕು, ಆದರ ಒತ್ತಬಾರದು. ಒಳಗ ಹೊಲಗಿ ಇರಬಾರದು. ಮತ್ತ ಕುದಿಯೋ ನೀರಿಗೆ ತಡೀಬೇಕು," ಎಂದರು ಸಿಸ್ಟರ್. ಇಷ್ಟು ನಿಖರವಾಗಿ ಬೇಕಾದ್ದು ಹೇಳಿದ ಗಿರಾಕಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ನಾನೇ ಹೆಣೆಸಿಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ.

ಮೊದಲ ಪ್ರಶ್ನೆ ದಾರದ್ದು. ಅಂಗಡಿಯಲ್ಲಿದ್ದ ಒಂದೊಂದು ಜಾತಿಯ ದಾರದಲ್ಲಿ ಅಂಗೈಯಗಲದ ತುಂಡು ಹೆಣೆದೆ. ಕೂಸಿನ ಚಿತ್ರ ಅಂಟಿಸಿ ಬರುವ 'ಬೇಬಿ ವುಲ್' ಉಂಡೆಯಲ್ಲಿ ಒಂದು. ಅದರ ಹೆಸರಿನಲ್ಲಿ ಉಣ್ಣೆ ಇದೆ, ಒಳಗೆ ಎಳೆಯಷ್ಟೂ ಇಲ್ಲ, ಪೂರಾ ಅಕ್ರಿಲಿಕ್. ನಿಜವಾದ ಉಣ್ಣೆಯಲ್ಲಿ ಒಂದು, ತೋರಣದವರು ಒಯ್ಯುವ ಜರಿ ಎಳೆ ಸೇರಿಸಿದ ದಾರದಲ್ಲಿ ಒಂದು, ಮೆತ್ತನೆಯ ಹತ್ತಿ ದಾರದಲ್ಲಿ ಒಂದು. ನಾಲ್ಕನ್ನೂ ಪಾತ್ರೆಗೆ ಹಾಕಿ ಗ್ಯಾಸಿನ ಮೇಲೆ ಕುದಿಸಿದೆ. ಉಣ್ಣೆ ಕುಗ್ಗಿ ಕಂಬಳಿ ಚೂರಿನಂತೆ ದಪ್ಪಗಾಯಿತು. ಅಕ್ರಿಲಿಕ್ ಬಿಗಿ ಕಳೆದುಕೊಂಡು ಹಳೆ ಬನಿಯನ್ನಿನಂತೆ ಜೋತುಬಿತ್ತು. ಜರಿ ದಾರದ್ದು ಎಲ್ಲಕ್ಕಿಂತ ಕೆಟ್ಟದ್ದು. ಮಿಂಚುವ ಎಳೆ ಅಲ್ಲಲ್ಲಿ ಕಡಿದು ತುದಿಗಳು ಮೇಲೆದ್ದಿದ್ದವು. ನನ್ನ ಕೆನ್ನೆಗೆ ಉಜ್ಜಿಕೊಂಡೆ, ಹುಲ್ಲಿನ ಗರಿ ಗೀಚಿದಂತಾಯಿತು. ಹತ್ತಿ ಮಾತ್ರ ಸ್ವಲ್ಪ ಕುಗ್ಗಿ, ಒಣಗಿದ ಮೇಲೆ ಎಳೆದರೆ ಹಿಗ್ಗಿ, ಬಿಟ್ಟರೆ ಮರಳಿ ತನ್ನ ಅಳತೆಗೆ ಬಂತು. ಸಿಸ್ಟರ್ ಬಂದು ನಾಲ್ಕನ್ನೂ ಮುಟ್ಟಿ ನೋಡಿ, ಹತ್ತಿಯದನ್ನು ಎತ್ತಿಟ್ಟುಕೊಂಡು, "ಇದ. ಬ್ಯಾರೆ ಯಾವುದೂ ಬ್ಯಾಡ," ಎಂದರು.

ಎರಡನೆಯದು ಕಡ್ಡಿಯದು. ಎರಡು ಕಡ್ಡಿಯಲ್ಲಿ ಹೆಣೆದರೆ ಕೊನೆಗೆ ಅಂಚಿಗೆ ಅಂಚು ಕೂಡಿಸಿ ಹೊಲಿಯಲೇಬೇಕು. ಹೊಲಿಗೆಯೇ ಇರಬಾರದೆಂದರೆ ಎರಡೂ ತುದಿ ಚೂಪಿರುವ ಕಡ್ಡಿಗಳ ಸೆಟ್ಟಿನಲ್ಲಿ ಸುತ್ತುಹೆಣಿಗೆ ಹೆಣೆಯಬೇಕು. ಅಂಥವು ನನ್ನ ಹತ್ತಿರ ಇದ್ದದ್ದೇ ಬೆರಳೆಣಿಕೆಯಷ್ಟು, ಸಗಟು ವ್ಯಾಪಾರಿಯ ಹತ್ತಿರ ಅವೂ ಇಲ್ಲ. ಸೈಕಲ್ ಅಂಗಡಿಯಿಂದ ಚಕ್ರದ ಕಡ್ಡಿ ತಂದು ಕತ್ತರಿಸಿ, ತುದಿಗಳನ್ನು ಸಾಣೆ ಹಿಡಿಸಿ ನೋಡಿದೆ. ಗಟ್ಟಿಯೇನೋ ಇದ್ದವು, ಆದರೆ ಹೊಸದಾಗಿ ಕಲಿಯುವವರ ಕೈಯಲ್ಲಿ ಹತ್ತಿಯ ಕುಣಿಕೆಗಳು ಆ ಉಕ್ಕಿನ ಮೇಲಿಂದ ಸರ್ರನೆ ಜಾರಿ ಬಿದ್ದವು. ಕಿನ್ನಾಳಕ್ಕೆ ಹೋದೆ. ಬೊಂಬೆ ಮಾಡುವವರೊಬ್ಬರು ನನ್ನ ಮಾದರಿ ಕಡ್ಡಿಯನ್ನು ತಿರುಗಿಸಿ ನೋಡಿ, "ನಮ್ಮ ಕಟಗಿ ಹಗುರ ಐತ್ರಿ ಯವ್ವಾ. ಇಷ್ಟು ಸಣ್ಣಗ ಹೆರದ್ರ ಲಟ್ಟಂತ ಮುರೀತೈತಿ. ಬಿದಿರು ನೋಡ್ರಿ," ಎಂದರು. ಮರಳಿ ಬಂದು ನಮ್ಮ ಊರಿನ ಬುಟ್ಟಿ ಹೆಣೆಯುವವರ ಓಣಿಗೆ ಹೋದೆ. ಬಲಿತ ಬಿದಿರಿನ ಸಿಪ್ಪೆಯ ಕಡೆಯ ಸೀಳುಗಳನ್ನು ಅವರು ಹೆರೆದುಕೊಟ್ಟರು. ನಾನು ಮರಳು ಕಾಗದದಲ್ಲಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ, ಹಳೆ ಸೀರೆಯ ತುಂಡಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಬಿದಿರು ದಾರವನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಕಲಿಯುವವರಿಗೆ ಅದೇ ಬೇಕಾದದ್ದು.

ಮೂರನೆಯದು ಕೈಗಳದ್ದು. ಇಲ್ಲಿಗೆ ನಮ್ಮ ಊರಿನ ಒಂದು ಸಂಸ್ಥೆ ಬಂತು. ಸಮಾಜಸೇವೆಯ ಸಂಸ್ಥೆ. ಅದಕ್ಕೊಂದು ಸಭಾಂಗಣ, ಅದಕ್ಕೊಬ್ಬ ಕಾರ್ಯದರ್ಶಿ. ವಿಷಯ ಕೇಳಿ ಅವರು ತಾವಾಗಿಯೇ ನನ್ನ ಅಂಗಡಿಗೆ ಬಂದು, "ನಮ್ಮ ಹಾಲ್ ಐತಿ, ಫ್ಯಾನ್ ಐತಿ, ಕುಂದ್ರಸಿ ಕಲಸ್ರಿ ಮೇಡಂ. ಇಂಥಾ ಕೆಲಸಕ್ಕ ನಾವು ಹಿಂದ ಬೀಳೋರಲ್ಲ," ಎಂದರು. ಆಗ ನನಗೆ ಅವರ ಮೇಲೆ ನಿಜವಾಗಿಯೂ ಗೌರವ ಬಂದಿತ್ತು.

ಬಂದ ಹೆಂಗಸರು ಹೆಚ್ಚಿನವರು ಕ್ರೋಶಾದಲ್ಲಿ ಪಳಗಿದವರು. ಅವರಲ್ಲಿ ಹಿರಿಯರು, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಮುಸ್ಲಿಂ ಮನೆತನದ ಹೆಂಗಸು. ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ ಬರುತ್ತಿದ್ದರು. ಅವರ ತೋರಣಗಳು ಕುಷ್ಟಗಿ, ಯಲಬುರ್ಗಿಯ ಮದುವೆ ಮನೆಗಳವರೆಗೂ ಹೋಗಿದ್ದವು. ಆದರೆ ಕ್ರೋಶಾದಲ್ಲಿ ಸಂದು ಬೀಳುತ್ತದೆ. ಕೂಸಿನ ಬೆರಳು ಸಿಕ್ಕಿಹಾಕಿಕೊಳ್ಳಬಹುದು, ಶಾಖವೂ ನಿಲ್ಲುವುದಿಲ್ಲ. ಹಾಗಾಗಿ ಎಲ್ಲರೂ ಮೊದಲಿನಿಂದ ಕಲಿತರು. ಒಂದು ಸೀದಾ, ಒಂದು ಉಲ್ಟಾ ಹಾಕಿ ಹಿಗ್ಗುವ ಅಂಚು, ಅದರ ಮೇಲೆ ಪೂರಾ ಸೀದಾ, ನೆತ್ತಿಯ ಹತ್ತಿರ ಕುಣಿಕೆ ಕೂಡಿಸುತ್ತ ಕಡಿಮೆ ಮಾಡುವುದು. ಕುಣಿಕೆ ಬಿಗಿಯಾಗಿ ಹಾಕಿದವರ ಅಂಚು ಹಿಗ್ಗುತ್ತಿರಲಿಲ್ಲ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವಲ್ಲಿ ದಾರ ಸಡಿಲ ಬಿಟ್ಟವರದ್ದು ಏಣಿಯಂತೆ ಸಂದು ಬೀಳುತ್ತಿತ್ತು. ಅಳತೆಗೆಂದು ಸುಲಿದ ಸಣ್ಣ ತೆಂಗಿನಕಾಯಿಗಳನ್ನು ಸಾಲಾಗಿ ಇಟ್ಟಿದ್ದೆವು. ಅವಕ್ಕೆ ತೊಡಿಸಿ ನೋಡುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ಕಟ್ಟಕಡೆಗೆ ಉಳಿದ ದಾರದ ತುದಿಯನ್ನು ಒಳಗೊಳಗೇ ನೇಯ್ದು ಮುಚ್ಚಬೇಕು. ಉದ್ದ ಎಳೆ ಒಳಗೆ ಉಳಿದರೆ ಕೂಸಿನ ಬೆರಳಿಗೆ ಸುತ್ತಿ ರಕ್ತ ನಿಲ್ಲುತ್ತದೆ ಎಂದು ಸಿಸ್ಟರ್ ಒಂದು ದಿನ ಹೇಳಿದರು. ಆವತ್ತಿನಿಂದ ಪ್ರತಿ ಟೊಪ್ಪಿಗೆಯನ್ನೂ ಒಳಗು ಹೊರಗು ಮಾಡಿ ನೋಡದೆ ಖಾಲಾ ಮುಂದೆ ಬಿಡುತ್ತಿರಲಿಲ್ಲ.

ಮೊದಲ ಹತ್ತಿ ಟೊಪ್ಪಿಗೆಗಳು ವಾರ್ಡಿಗೆ ಹೋದವು. ಜಾರಲಿಲ್ಲ, ಒತ್ತಲಿಲ್ಲ. ಇನ್ನೂ ಬೇಕು ಎಂದು ಸಿಸ್ಟರ್ ಫೋನ್ ಮಾಡಿದರು. ದಾರ ಮುಗಿದಿತ್ತು, ತರಲು ಹುಬ್ಬಳ್ಳಿಗೆ ಹೋದೆ. ಬಣ್ಣ ಹಾಕದ, ಅದೇ ದಪ್ಪದ ದಾರ ಸಿಗುವವರೆಗೆ ಅಂಗಡಿ ಅಂಗಡಿ ಅಲೆದು ಎರಡು ದಿನ ಅಲ್ಲೇ ಉಳಿಯಬೇಕಾಯಿತು.

ಮರಳಿ ಬಂದು ಹಾಲಿನ ಬಾಗಿಲು ತೆಗೆದರೆ ಕಣ್ಣು ಕುಕ್ಕಿತು. ಗುಲಾಬಿ, ನೀಲಿ, ಗಿಣಿಹಸಿರು, ಎಲ್ಲದರಲ್ಲೂ ಬೆಳ್ಳಿ ಜರಿ. ಮೂಲೆಯಲ್ಲಿ ಎರಡು ದೊಡ್ಡ ಚೀಲ ತುಂಬ ಅದೇ ದಾರದ ಉಂಡೆಗಳು. ಹೆಂಗಸರು ತಲೆ ಬಗ್ಗಿಸಿ ಅದರಲ್ಲೇ ಟೊಪ್ಪಿಗೆ ಹೆಣೆಯುತ್ತಿದ್ದರು. ಮುಗಿದವು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು.

"ಇದೇನ ಇದು?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಖಾಲಾ ಕನ್ನಡಕ ಸರಿಸಿ ನೋಡಿದರು. "ಯಾಕ ಬೇಟಿ? ನೀನ ಹೇಳಿ ಅಂದ್ರು. ಹತ್ತಿ ಸಿಗವಲ್ದು, ಇದರಾಗ ಮಾಡ್ರಿ ಅಂತ ಮೇಡಂ ಫೋನ್ ಮಾಡ್ಯಾರ ಅಂದ್ರು ಸೆಕ್ರೆಟರಿ ಸಾಹೇಬ್ರು."

ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ನನ್ನ ಬಾಯಲ್ಲಿ ಇಲ್ಲದ ಮಾತನ್ನು ನನ್ನ ಹೆಸರಿನಲ್ಲಿ ಆ ಹೆಂಗಸರಿಗೆ ಉಣಿಸಿದ್ದರು. ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಕಾರ್ಯದರ್ಶಿಯ ಕೋಣೆಗೆ ಹೋದೆ.

"ಕುಂದ್ರಿ ಮೇಡಂ, ಚಾ ತಗೋರಿ," ಎಂದರು ಅವರು. ದಾರ ಯಾರೋ ವ್ಯಾಪಾರಿ ದಾನ ಕೊಟ್ಟದ್ದಂತೆ, ಅವರ ಗೋದಾಮಿನಲ್ಲಿ ಉಳಿದ ಮಾಲು. ಟೊಪ್ಪಿಗೆ ಹಂಚುವ ಸಮಾರಂಭಕ್ಕೆ ದೊಡ್ಡವರೊಬ್ಬರು ಬರುವುದು ಗೊತ್ತಾಗಿದೆಯಂತೆ. "ನಿಮ್ಮ ಬಿಳೀ ಟೊಪ್ಪಿಗಿ ಬಿಳೀ ಹಾಸಗಿ ಮ್ಯಾಲ ಫೋಟೋದಾಗ ಕಾಣಂಗಿಲ್ರಿ. ಇದು ನೋಡ್ರಿ, ಹೆಂಗ ಎದ್ದು ಬರತೈತಿ!"

"ಕುದಿಸಿದ್ರ ಇದರ ಜರಿ ಮುಳ್ಳಿನಂಗ ಏಳತೈತ್ರಿ. ನಾನು ಮಾಡಿ ನೋಡೇನಿ. ಸಿಸ್ಟರೂ ಬ್ಯಾಡ ಅಂದಾರ."

"ಕುದಿಸೋದು ಯಾಕ? ಹಂಗ ಹಾಕಿದ್ರಾತು," ಎಂದು ನಕ್ಕರು. ನವಜಾತ ಕೂಸಿಗೆ, ಯಾರ್ಯಾರದೋ ಕೈ ದಾಟಿ ಬಂದ ಟೊಪ್ಪಿಗೆಯನ್ನು, ಹಾಗೆಯೇ! ನಾನು ಚಹಾ ಮುಟ್ಟದೆ ಎದ್ದು ಬಂದೆ. ಹಾಲಿನಲ್ಲಿ ಎಲ್ಲರ ಕೈಯೂ ನಿಲ್ಲಿಸಿ, ನಾನು ಹೇಳಿದ್ದಲ್ಲ ಎಂದು ತಿಳಿಸಿ, ಹತ್ತಿ ದಾರ ಹಂಚಿದೆ. ಮೇಜಿನ ಮೇಲಿನ ಗುಡ್ಡೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಮಾರನೆಯ ದಿನ ಸಿಸ್ಟರ್ ಅಂಗಡಿಗೆ ಬಂದರು. ಸಮವಸ್ತ್ರದಲ್ಲೇ ಇದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಚೀಲದಿಂದ ಒಂದು ಗುಲಾಬಿ ಜರಿ ಟೊಪ್ಪಿಗೆ ತೆಗೆದು ಕೌಂಟರಿನ ಮೇಲೆ ಎಸೆದರು.

"ನಿಮ್ಮ ಮ್ಯಾಲ ಭರೋಸಾ ಇಟ್ಟಿದ್ದೆ. ನೀವೂ ಅಂಥವರ ಏನು?"

ಅವರು ರಜೆಯಲ್ಲಿದ್ದ ದಿನ ಸಂಸ್ಥೆಯವರು ವಾರ್ಡಿಗೆ ಹೋಗಿ, 'ಅದೇ ಹೆಂಗಸರು ಹೆಣೆದದ್ದು' ಎಂದು ಹೇಳಿ ಕೆಲವು ಜರಿ ಟೊಪ್ಪಿಗೆಗಳನ್ನು ಕೊಟ್ಟು, ಮುಂಚಿತವಾಗಿ ಒಂದೆರಡು ಫೋಟೋ ತೆಗೆಸಿಕೊಂಡು ಬಂದಿದ್ದರು. ನಾನು ಹುಬ್ಬಳ್ಳಿಯಲ್ಲಿದ್ದಾಗ. ಅದೇ ಹೆಂಗಸರು ಎಂಬ ಮಾತಿಗೆ ಅಲ್ಲಿನವರು ಎರಡನೇ ಸಲ ಯೋಚಿಸದೆ ತೊಡಿಸಿದ್ದರು. ಬೆಳಿಗ್ಗೆ ಸಿಸ್ಟರ್ ಬಂದು ತೆಗೆದಾಗ, ಒಂದು ಹೆಣ್ಣುಕೂಸಿನ ಹಣೆಯ ಉದ್ದಕ್ಕೂ ಕೆಂಪಗೆ ಗೆರೆ ಎದ್ದಿತ್ತು, ಒಂದು ಕಡೆ ತೊಗಲು ಕಿತ್ತಿತ್ತು.

"ಅವುಗಳ ತೊಗಲು ಅಂದ್ರ ಉಳ್ಳಾಗಡ್ಡಿ ಒಳಪದರ ಇದ್ದಂಗ ಇರತೈತ್ರಿ. ಅಲ್ಲಿಂದ ನಂಜು ಹೊಕ್ಕರ ಯಾರು ಜವಾಬು ಕೊಡೋರು?" ಸಿಸ್ಟರಿನ ಕಣ್ಣಲ್ಲಿ ನೀರಿತ್ತು. ದುಃಖದ್ದಲ್ಲ ಅದು, ಕೋಪದ್ದು.

ನಾನು ನಡೆದದ್ದೆಲ್ಲ ಹೇಳಿದೆ. ಕೂಸಿಗೆ ಈಗ ಹೇಗಿದೆ ಎಂದು ಕೇಳಿದೆ. ಮುಲಾಮು ಹಚ್ಚಿದ್ದಾರೆ, ಕಣ್ಣಿಟ್ಟಿದ್ದಾರೆ ಎಂದರು. ಹೊರಡುವಾಗ, "ನೀವು ಸುಮ್ಮಕಿದ್ರ ನಾನು ಸುಮ್ಮಕಿರಂಗಿಲ್ಲ," ಎಂದರು.

ಆ ಟೊಪ್ಪಿಗೆ ಹಿಡಿದುಕೊಂಡೇ ಕಾರ್ಯದರ್ಶಿಯ ಹತ್ತಿರ ಹೋದೆ. ಕೂಸಿನ ಹಣೆಯ ವಿಷಯ ಹೇಳಿದೆ. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು, ಅದನ್ನು ನಾನು ನೋಡಿದೆ. ಆದರೆ ಆ ಗಳಿಗೆ ದಾಟಿದ್ದೇ, "ಹಂಗಾದ್ರ ಒಳಗ ಮೆತ್ತನ್ನ ಮಲ್ ಬಟ್ಟಿ ಹಚ್ಚಿ ಹೊಲಿಸಿಬಿಡ್ರಿ," ಎಂದರು.

"ಬಟ್ಟಿ ಹಚ್ಚಿದ್ರ ಹಿಗ್ಗಂಗಿಲ್ಲ. ಹೊಲಗಿ ಒತ್ತತೈತಿ. ಅದಕ್ಕ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿದ್ದು?"

"ಮೇಡಂ, ಫೋಟೋ ಆಗೂ ತನಕ ಅಷ್ಟ. ಐದು ನಿಮಿಷ. ಆಮ್ಯಾಲ ತಗದು ನಿಮ್ಮ ಬಿಳೀದು ಹಾಕ್ರಿ. ದಾನ ಕೊಟ್ಟೋರಿಗೆ, ಬರೋ ದೊಡ್ಡವರಿಗೆ ನಾವು ಏನು ತೋರಿಸೋಣು?"

"ಕೂಸುಗಳು ನಿಮ್ಮ ಫೋಟೋಕ್ಕ ಹುಟ್ಟಿಲ್ರಿ," ಎಂದೆ. ಐದು ನಿಮಿಷವಂತೆ! ಬದುಕುವುದೋ ಇಲ್ಲವೋ ಎಂದು ತಾಯಂದಿರು ಗಾಜಿನ ಆಚೆ ನಿಂತು ಕಾಯುವ ಕೂಸಿನ ತಲೆಯಿಂದ ಟೊಪ್ಪಿಗೆ ತೆಗೆದು, ಗೀಚುವ ಟೊಪ್ಪಿಗೆ ಹಾಕಿ, ಮತ್ತೆ ತೆಗೆದು! ಹೊರಗೆ ಬಂದು ವರಾಂಡದಲ್ಲಿ ನಿಂತೆ. ಆ ಗುಡ್ಡೆ ಕಪಾಟಿನಲ್ಲಿ ಇರುವವರೆಗೆ ಅದು ಹೇಗಾದರೂ ವಾರ್ಡಿಗೆ ಹೋಗಿಯೇ ಹೋಗುತ್ತದೆ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಕಪಾಟಿನ ಇನ್ನೊಂದು ಕೀಲಿ ಅವರ ಹತ್ತಿರವೇ ಇತ್ತು.

ಹಾಲಿಗೆ ಹೋಗಿ ಕಪಾಟು ತೆಗೆದು ಎಲ್ಲ ಜರಿ ಟೊಪ್ಪಿಗೆಗಳನ್ನೂ ಜಮಖಾನೆಯ ಮೇಲೆ ಸುರಿದೆ. ಕೂಸಿನ ಹಣೆಯ ಮಾತು ಹೇಳಿದೆ. "ಇವನ್ನ ಬಿಚ್ಚೋಣು. ಹೆಣೆದೋರು ನೀವು. ಒಲ್ಲೆ ಅಂದೋರದ್ದು ನಾನು ಮುಟ್ಟಂಗಿಲ್ಲ," ಎಂದೆ.

ಹೆಣೆದದ್ದನ್ನು ಬಿಚ್ಚುವುದು ಎಷ್ಟು ಸಂಕಟ ಎಂಬುದು ಹೆಣೆದವರಿಗೇ ಗೊತ್ತು. ಕಣ್ಣು ಉರಿಯುವ ತನಕ ಕೂತು ಮಾಡಿದ ಕೆಲಸ, ಹೊಸದಾಗಿ ಕಲಿತ ಕೈಗಳ ಹೆಮ್ಮೆ. ಒಬ್ಬಳು ತನ್ನ ಟೊಪ್ಪಿಗೆಯನ್ನು ಗುರುತು ಹಿಡಿದು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಖಾಲಾ ಆ ಗುಲಾಬಿ ಟೊಪ್ಪಿಗೆಯನ್ನು ತೆಗೆದುಕೊಂಡು ತಿರುಗಿಸಿದರು. "ಇದು ನನ್ನ ಕೈದು," ಎಂದರು ಮೆಲ್ಲಗೆ. ಒಳಗಿನ ಅಂಚಿನ ಮೇಲೆ ಬೆರಳಾಡಿಸಿದರು, ಆಮೇಲೆ ತಮ್ಮ ಹಣೆಗೆ ಒತ್ತಿಕೊಂಡು ಎಳೆದರು. ಮುಖ ಕಿವುಚಿದರು. "ಯಾ ಅಲ್ಲಾ. ನನ್ನ ಕಡಿಂದ ಸುಳ್ಳು ಹೇಳಿ ಮಾಡಿಸಿದ್ರಲ್ಲ ಇದನ್ನ! ಕೂಸಿನ ಹಣಿಗೆ ನನ್ನ ಕೈಲೆ ಬರಿ ಎಳಸಿದ್ರಲ್ಲ!" ಸೂಜಿಯಿಂದ ನೆತ್ತಿಯ ಗಂಟು ಹುಡುಕಿ, ನೇಯ್ದು ಮುಚ್ಚಿದ್ದ ತುದಿಯನ್ನು ಹೊರಗೆಳೆದು, ಸರಕ್ಕನೆ ಜಗ್ಗಿದರು. ಕುಣಿಕೆಗಳು ಒಂದರ ಹಿಂದೆ ಒಂದು ಹಾರಿದವು.

ಆಮೇಲೆ ಎಲ್ಲರೂ ಕೂತರು. ಹತ್ತಿಯಾದರೆ ಬಿಚ್ಚುವುದು ಸಲೀಸು. ಜರಿ ಎಳೆ ಪ್ರತಿ ಸುತ್ತಿಗೂ ಸಿಕ್ಕಾಗುತ್ತಿತ್ತು, ಜಗ್ಗಿದರೆ ಬೆರಳು ಕೊಯ್ಯುತ್ತಿತ್ತು. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿದೆವು, ನೀರಲ್ಲಿ ಅದ್ದಿ ನೆರಳಿಗೆ ಹಾಕಿ ಸುಕ್ಕು ಬಿಡಿಸಿದೆವು, ಮತ್ತೆ ಉಂಡೆ ಸುತ್ತಿ ಚೀಲಕ್ಕೆ ತುಂಬಿದೆವು. ಮಡಿಲಲ್ಲಿ ಇಟ್ಟುಕೊಂಡಿದ್ದವಳು ಕಟ್ಟಕಡೆಗೆ ತನ್ನದನ್ನೂ ತಂದು ನನ್ನ ಕೈಗಿಟ್ಟಳು. "ನೀವ ಬಿಚ್ರಿ ಅಕ್ಕಾರ, ನನಗಾಗವಲ್ದು," ಎಂದಳು.

ಸಂಜೆ ಕಾರ್ಯದರ್ಶಿ ಬಂದರು. ಖಾಲಿ ಮೇಜು, ತುಂಬಿದ ಚೀಲ ನೋಡಿದರು.

"ಏನು ಮಾಡೀರಿ ಇದು? ದಾನದ ಮಾಲು ಹಾಳು ಮಾಡೀರಿ!"

"ಹಾಳಾಗಿಲ್ಲ, ನೋಡ್ಕೋರಿ. ನಿಮ್ಮ ದಾರ ನಿಮ್ಮ ಚೀಲದಾಗ ಐತಿ," ಎಂದೆ. ನಮ್ಮ ಬಿದಿರು ಕಡ್ಡಿಗಳನ್ನೂ ಹತ್ತಿ ದಾರವನ್ನೂ ಎತ್ತಿಕೊಂಡು ಎಲ್ಲರೂ ಹೊರಬಿದ್ದೆವು.

ಸಮಾರಂಭ ನಿಲ್ಲುತ್ತದೆ ಎಂದು ನಾನು ಭಾವಿಸಿದ್ದೆ. ಅಂಥವು ನಿಲ್ಲುವುದಿಲ್ಲ. ಸಂಸ್ಥೆಯವರು ಪೇಟೆಯಿಂದ ಮಷೀನಿನಲ್ಲಿ ಹೊಲಿದ ಬಣ್ಣಬಣ್ಣದ ಟೊಪ್ಪಿಗೆಗಳನ್ನು ಕೊಂಡು ತಂದು ತಟ್ಟೆಯಲ್ಲಿ ಜೋಡಿಸಿದ್ದರು. ಹಿಂದಿನ ಬ್ಯಾನರಿನಲ್ಲಿ 'ಗಂಗಾವತಿಯ ಮಹಿಳೆಯರ ಕೈಹೆಣಿಗೆ' ಎಂದೇ ಇತ್ತು. ನಮ್ಮನ್ನು ಕರೆಯದಿದ್ದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ನಿರೂಪಕಿ ಮೈಕಿನಲ್ಲಿ, ಈ ತಾಯಂದಿರು ಹಗಲಿರುಳು ಹೆಣೆದ ಟೊಪ್ಪಿಗೆಗಳು ಎಂದು ರಾಗವಾಗಿ ಹೇಳುತ್ತಿದ್ದಂತೆ ನನಗೆ ಕೂತಿರಲಾಗಲಿಲ್ಲ.

ಎದ್ದು ನಿಂತೆ. "ಒಂದು ಮಾತ್ರಿ. ಆ ಟೊಪ್ಪಿಗಿ ನಾವು ಹೆಣೆದಿದ್ದಲ್ಲ. ನಮ್ಮ ಹೆಸರು ತೆಗೀರಿ."

ಜನ ತಿರುಗಿ ನೋಡಿದರು. ವೇದಿಕೆಯ ಮೇಲಿದ್ದ ದೊಡ್ಡವರು ಕಾರ್ಯದರ್ಶಿಯ ಕಡೆ ಬಾಗಿ ಏನೋ ಕೇಳಿದರು. ಕಾರ್ಯದರ್ಶಿ ನನ್ನತ್ತ ಕೈ ತೋರಿ, "ಆಮ್ಯಾಲ ಮಾತಾಡೋಣು, ಕುಂದ್ರಿ ಮೇಡಂ," ಎಂದರು.

"ಆಮ್ಯಾಲ ಯಾಕ್ರಿ? ಈಗ ಹೇಳ್ರಿ," ಎಂದು ಖಾಲಾ ನನ್ನ ಪಕ್ಕದಲ್ಲಿ ಎದ್ದು ನಿಂತರು. ಅವರ ಹಿಂದೆ ಉಳಿದವರೂ ಎದ್ದರು.

ಅಷ್ಟರಲ್ಲಿ ಹಾಡು ಹಚ್ಚಿದರು. ಶಾಲು, ಹಾರ, ಚಪ್ಪಾಳೆ. ನಾವು ನಿಂತೇ ಇದ್ದೆವು. ಯಾರೂ ನಮ್ಮ ಕಡೆ ಮೈಕು ತರಲಿಲ್ಲ. ಮರುದಿನ ಪೇಪರಿನಲ್ಲಿ ಫೋಟೋ ಬಂತು, ಕೆಳಗೆ ಕೈಹೆಣಿಗೆಯ ಟೊಪ್ಪಿಗೆ ವಿತರಣೆ ಎಂದು. ಸುಳ್ಳು ಹೇಳಿದವರಿಗೆ ಶಾಲು ಸಿಕ್ಕಿತು. ನಿಜ ಹೇಳಿದವರಿಗೆ ಜಗಳಗಂಟಿಯರೆಂಬ ಹೆಸರು ಬಂತು, ಹಾಲಿನ ಬಾಗಿಲು ಮುಚ್ಚಿತು. ಗುಂಪಿನಲ್ಲಿ ಕೆಲವರು, ದೊಡ್ಡವರ ಎದುರು ಹಾಕಿಕೊಳ್ಳುವುದು ಬೇಡವೆಂದು ಬರುವುದನ್ನೂ ಬಿಟ್ಟರು. ಅವರನ್ನು ನಾನು ದೂರುವುದಿಲ್ಲ.

ಸಿಸ್ಟರ್ ಮಾತ್ರ ಹೇಳಿದಂತೆ ಸುಮ್ಮನಿರಲಿಲ್ಲ. ದೊಡ್ಡ ಡಾಕ್ಟರ ಹತ್ತಿರ ಹೋಗಿ, ಹೊರಗಿನಿಂದ ಬಂದ ಯಾವ ಬಟ್ಟೆಯೂ ವಾರ್ಡಿನವರು ಕುದಿಸಿ ನೋಡದ ಹೊರತು ಕೂಸಿಗೆ ಮುಟ್ಟಬಾರದು ಎಂದು ಆದೇಶ ಮಾಡಿಸಿದರು. ಸಮಾರಂಭದ ಟೊಪ್ಪಿಗೆಗಳು ಡಬ್ಬಿಯಲ್ಲೇ ಉಳಿದವು. ಹಣೆ ಗೀಚಿದ್ದ ಹೆಣ್ಣುಕೂಸಿನ ಗಾಯ ಮಾಯಿತು, ತೂಕ ಏರಿತು, ತಾಯಿ ಅದನ್ನು ಕಟ್ಟಿಕೊಂಡು ಊರಿಗೆ ಹೋದಳು ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಹೋಗುವಾಗ ತಲೆಯ ಮೇಲೆ ನಮ್ಮ ಹತ್ತಿ ಟೊಪ್ಪಿಗೆಯೇ ಇತ್ತಂತೆ. ಉಳಿದ ನಾವು ಖಾಲಾರ ಮನೆಯ ಕಟ್ಟೆಯ ಮೇಲೆ ಕೂತು ಹೆಣೆಯುತ್ತ ಹೋದೆವು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ನವಲಿ ಕಡೆಯ ಹರೆಯದ ಹೆಂಗಸೊಬ್ಬಳು ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಅಂಗಡಿಗೆ ಬಂದಳು. ಖಾಲಾ ದಾರ ಒಯ್ಯಲು ಬಂದು ಒಳಗೇ ಕೂತಿದ್ದರು. ಆಕೆ ಒಂದು ಟೊಪ್ಪಿಗೆಯನ್ನು ಕೌಂಟರಿನ ಮೇಲೆ ಇಟ್ಟಳು. ತೊಳೆದು ತೊಳೆದು ಮೆತ್ತಗಾಗಿತ್ತು.

"ಇದು ನೀವು ಮಾಡಿದ್ದೇನ್ರಿ? ದವಾಖಾನಿ ಸಿಸ್ಟರ್ ನಿಮ್ಮ ಅಂಗಡಿ ಹೇಳಿದ್ರು."

"ಹೌದವ್ವ. ಯಾಕ, ಏನಾತು?" ನಾನು ಟೊಪ್ಪಿಗೆಯನ್ನು ಒಳಗು ಹೊರಗು ಮಾಡಿ ನೋಡಿದೆ.

"ಏನಾತು ಅಂತ ಕೇಳತೀರಲ್ಲ! ಎಷ್ಟು ಜಗ್ಗಿದ್ರೂ ಕಿವಿ ತನಕ ಬರವಲ್ದು. ಹಾಕಿದ್ರ ಒದರತಾಳ. ಇಷ್ಟು ಸಣ್ಣದು ಮಾಡಿದ್ರ ಹೆಂಗ್ರಿ?" ಅವಳು ನಿಜವಾಗಿಯೂ ಸಿಟ್ಟಾಗಿದ್ದಳು.

ಖಾಲಾ ಎದ್ದು ಬಂದು ಸೆರಗು ಸರಿಸಿ ನೋಡಿದರು. ದುಂಡು ಕೆನ್ನೆಯ ಕೂಸು ಕಣ್ಣರಳಿಸಿ ಅವರ ಕನ್ನಡಕವನ್ನೇ ನೋಡುತ್ತಿತ್ತು. ಖಾಲಾ ಅದರ ಹಣೆಯ ಮೇಲೆ ಬೆರಳು ಸವರಿದರು. ನುಣ್ಣಗಿತ್ತು. ಇದು ಅದೇ ಕೂಸೋ, ಬೇರೆಯದೋ, ನಾವು ಕೇಳಲಿಲ್ಲ.

ನಾನು ಅಳತೆ ಟೇಪು ತೆಗೆದು ಅದರ ತಲೆಗೆ ಸುತ್ತಿದೆ. ತಾಯಿ ನನ್ನ ಕೈಯನ್ನೇ ನೋಡುತ್ತ ಎಚ್ಚರಿಸಿದಳು.

"ಈ ಸಲ ಸಡಲ ಇಟ್ಟು ಮಾಡ್ರಿ ಮತ್ತ. ಬೆಳಿಯೋ ಕೂಸು."